ಮಿಚಿರುವಿನ ಕತ್ತಿನ ಉಂಗುರ

ಮಿಚಿರು ಶಾಲೆಯ ಆರೋಗ್ಯ ಕೋಣೆಗೆ ಬಂದದ್ದು ಕಾಲ್ಬೆರಳು ಉಳುಕಿಸಿಕೊಂಡು. ಜೂಡೊ ಅಭ್ಯಾಸದಲ್ಲಿ ಎರಡು ಚಾಪೆಗಳ ಸಂದಿಗೆ ಬೆರಳು ಸಿಕ್ಕಿತ್ತಂತೆ. ಕುಸಾಕ ಯಾಸುಯೊ ಅವಳನ್ನು ಕೂರಿಸಿ ಪಟ್ಟಿ ಸುತ್ತುತ್ತಿದ್ದಾಗ ಹುಡುಗಿ ಮುಂದಕ್ಕೆ ಬಗ್ಗಿದಳು. ಕಾಲರ್ ಸರಿದು, ಕತ್ತಿನ ಹಿಂದೆ ಕೂದಲು ಶುರುವಾಗುವ ಕಡೆ ಒಂದು ಕೆಂಪು ಉಂಗುರ ಕಂಡಿತು. ಅಂಚು ಉಬ್ಬಿತ್ತು, ನಡುವೆ ಸಣ್ಣಗೆ ಸಿಪ್ಪೆ ಎದ್ದಿತ್ತು.

"ಇದು ಯಾವಾಗಿಂದ?"

"ಗೊತ್ತಿಲ್ಲ ಟೀಚರ್. ಚಾಪೆ ಉಜ್ಜಿರಬೇಕು. ಎಲ್ಲರಿಗೂ ಉಜ್ಜತ್ತೆ."

ಆ ಬಂದರು ಊರಿನ ಶಾಲೆಯಲ್ಲಿ ಯಾಸುಯೊ ಹದಿನೆಂಟು ವರ್ಷದಿಂದ ಮಕ್ಕಳ ಗಾಯ, ಜ್ವರ, ಹೊಟ್ಟೆನೋವು ನೋಡಿಕೊಂಡು ಬಂದವಳು. ಇದು ಚಾಪೆ ಉಜ್ಜಿದ ಗುರುತಲ್ಲವೆಂದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ಅಂದು ಸಂಜೆಯೇ ಹುಡುಗಿಯನ್ನು ಚರ್ಮದ ಡಾಕ್ಟರ್ ಮೊರಿವಾಕಿಯ ಹತ್ತಿರ ಕರೆದುಕೊಂಡು ಹೋದಳು. ಮುದುಕಿ ಡಾಕ್ಟರು ಸಿಪ್ಪೆ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಗಜಕರ್ಣ, ಚರ್ಮದ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು, ಎಂದರು. ಅದರಲ್ಲೂ ಜೂಡೊ ಆಡುವವರಲ್ಲಿ ಮೈಯಿಂದ ಮೈಗೆ ಹತ್ತುವ ಜಾತಿ. ಒಬ್ಬಳಿಗೆ ಔಷಧಿ ಕೊಟ್ಟರೆ ಸಾಲದು, ತಂಡದಲ್ಲಿರುವ ಪ್ರತಿಯೊಬ್ಬರ ತಲೆಯನ್ನೂ ಬ್ರಷ್ಷಿನಿಂದ ಬಾಚಿ ಪರೀಕ್ಷೆಗೆ ಕಳಿಸಬೇಕು ಎಂದರು. ತುರಿಕೆಯಿಲ್ಲದೆ, ಕಲೆಯಿಲ್ಲದೆ, ತಲೆಯಲ್ಲಿ ಇದನ್ನು ವರ್ಷಗಟ್ಟಲೆ ಹೊತ್ತು ತಿರುಗುವವರೂ ಇರುತ್ತಾರೆ.

ಮರುದಿನ ಯಾಸುಯೊ ಜೂಡೊ ಮೇಷ್ಟ್ರು ಸೆಗಾವನಿಗೆ ಹೇಳಿದಳು. ಸೆಗಾವ ಕೆಟ್ಟ ಮನುಷ್ಯನಲ್ಲ. ರಜೆಯ ದಿನವೂ ಬಂದು ಮಕ್ಕಳ ಜೊತೆ ತಾನೇ ಚಾಪೆಗಿಳಿದು, ಬಿದ್ದು, ಬೀಳಿಸಿ ಕಲಿಸುವವನು. ಹದಿನಾಲ್ಕೇ ಮಕ್ಕಳ ತಂಡ, ಆ ವರ್ಷ ಮೊದಲ ಸಲ ಜಿಲ್ಲೆಯಲ್ಲಿ ಗೆಲ್ಲುವ ಹಾಗಿತ್ತು. ಪಂದ್ಯಕ್ಕೆ ಐದು ವಾರ ಉಳಿದಿತ್ತು.

"ಟೀಚರ್, ಈಗ ಪರೀಕ್ಷೆ ಅಂತ ಶುರು ಮಾಡಿದ್ರೆ ಬೇರೆ ಶಾಲೆಯವರು ನಮ್ಮ ಮಕ್ಕಳ ಕೈ ಹಿಡಿಯೋಕೂ ಬರಲ್ಲ. ಶಾಲೆ ಮುಗಿಸೋ ಮೂರನೇ ವರ್ಷದವರಿಗೆ ಇದೇ ಕೊನೇ ಪಂದ್ಯ. ಬಂದಿರೋದು ಒಬ್ಬಳಿಗೆ ತಾನೆ? ಅವಳು ವಾಸಿಯಾಗೋವರೆಗೆ ಹೊರಗೆ ಕೂತಿರ್ಲಿ. ಚಾಪೆ ನಾನೇ ತೊಳೆಸ್ತೀನಿ. ಪಂದ್ಯ ಮುಗಿದ ಮಾರನೇ ದಿನ ನನ್ನ ತಲೆಯಿಂದಲೇ ಬಾಚೋಕೆ ಶುರುಮಾಡಿ."

ಹೆಡ್‌ಮಾಸ್ಟರೂ ಅದೇ ಸರಿ ಎಂದರು. ಯಾಸುಯೊ ಇನ್ನೊಂದು ಮಾತು ಆಡಬಹುದಿತ್ತು. ಡಾಕ್ಟರ ಚೀಟಿ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಮಡಿಸಿ ಜೇಬಿಗಿಟ್ಟು, ಆಗಲಿ ಎಂದಳು. ಚಾಪೆಗೆ ಇಳಿಯಬೇಡ ಎಂದು ಮಿಚಿರುವಿಗೆ ಹೇಳಿದ್ದೂ ಅವಳೇ.

ಅಷ್ಟರಿಂದಲೇ ಎಲ್ಲರಿಗೂ ಗೊತ್ತಾಯಿತು. ಹದಿಮೂರು ಮಕ್ಕಳು ಚಾಪೆಯ ಮೇಲೆ, ಒಬ್ಬಳು ಗೋಡೆಗೆ ಒರಗಿ. ಕತ್ತಿಗೆ ಪಟ್ಟಿ ಬೇರೆ. ಮಿಚಿರು ಏಪ್ರಿಲ್‌ನಲ್ಲಷ್ಟೇ ಆ ಊರಿಗೆ ಬಂದಿದ್ದಳು. ಅಮ್ಮ ಬಂದರಿನ ಕಾರ್ಖಾನೆಯಲ್ಲಿ ಬೊಂಡಾಸ ಮೀನು ಸೀಳಿ ತೊಳೆಯುವವಳು, ಇಬ್ಬರೂ ಇದ್ದದ್ದು ಕೆಲಸದವರ ವಸತಿಯ ಒಂದು ಕೋಣೆಯಲ್ಲಿ. ಇಷ್ಟು ಸಾಕಾಯಿತು ಮಕ್ಕಳಿಗೆ. ಸ್ನಾನ ಮಾಡಲ್ಲವಂತೆ, ಎಲ್ಲಿಂದಲೋ ತಂದಳಂತೆ ಎಂದು ಮಾತು ಹಬ್ಬಿತು. ಒಂದು ವಾರದೊಳಗೆ ಅವಳ ಹೆಸರು ಹೋಗಿ 'ಬೂಷ್ಟು' ಆಯಿತು. "ಬೂಷ್ಟು ಬಂತು, ಕಿಟಕಿ ತೆಗೀರೋ, ಸ್ವಲ್ಪ ಬಿಸಿಲು ಬೀಳ್ಲಿ" ಎಂದು ಒಬ್ಬ ಹೇಳಿದರೆ ಇಡೀ ತರಗತಿ ನಗುತ್ತಿತ್ತು.

ಜೂನ್ ಕೊನೆಯ ವಾರ ಊಟ ಬಡಿಸುವ ಸರದಿ ಮಿಚಿರುವಿನದು. ಬಿಳಿ ಟೋಪಿ, ಬಿಳಿ ಅಂಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವಳು ಮಿಸೊ ಸಾರಿನ ಪಾತ್ರೆಯ ಮುಂದೆ ನಿಂತಳು. ಮೊದಲನೆಯವನು ಅನ್ನ ಹಾಕಿಸಿಕೊಂಡು ಸಾರು ಬಿಟ್ಟು ಮುಂದೆ ಹೋದ. ಎರಡನೆಯವಳೂ ಹಾಗೇ. ಮೂವತ್ತೊಂದು ಮಕ್ಕಳು ಸಾಲಾಗಿ ದಾಟಿ ಹೋದರು. ಕೊನೆಗೆ ತರಗತಿಯ ಮೇಷ್ಟ್ರು ಸೌಟನ್ನು ತಾನೇ ತೆಗೆದುಕೊಂಡು, ನೀನು ಮೇಜು ಒರೆಸು ಹೋಗು ಎಂದನಂತೆ. ಅವಳು ಮೇಜು ಒರೆಸಲು ಹೋದಾಗ ಮಕ್ಕಳು ತಟ್ಟೆ ಎತ್ತಿಕೊಂಡು ಎದ್ದು ನಿಂತರು. ಯಾಸುಯೊಗೆ ಇದು ತಿಳಿದದ್ದು ಎರಡು ದಿನದ ಮೇಲೆ. ಆಗಿನಿಂದ ಮಿಚಿರು ಊಟದ ಹೊತ್ತಿಗೆ ಆರೋಗ್ಯ ಕೋಣೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದಳು.

ಆ ಶನಿವಾರ ಅಮ್ಮ ಶಾಲೆಗೆ ಬಂದಳು. ಮಗಳ ಕೂದಲನ್ನು ಕಿವಿಯ ಮೇಲಕ್ಕೆ ತಾನೇ ಕತ್ತರಿಸಿಬಿಟ್ಟಿದ್ದಳು, ರೋಗ ಬೇಗ ಬಿಡಲಿ ಎಂದು. ಒಣಗಿಸಿದ ಬೊಂಡಾಸದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಜೂಡೊ ಅಭ್ಯಾಸದ ಹಜಾರದ ಬಾಗಿಲಲ್ಲೇ ನಿಂತು, ನನ್ನ ಮಗಳಿಂದ ನಿಮಗೆಲ್ಲ ತೊಂದರೆಯಾಯಿತು, ತಪ್ಪಾಯಿತು ಎಂದು ಸೊಂಟ ಬಗ್ಗಿಸಿದಳು. ಮಿಚಿರುವಿನ ತಲೆಯನ್ನೂ ಕೈಯಿಂದ ಒತ್ತಿ ಬಗ್ಗಿಸಿದಳು. ಸೆಗಾವ ಸಂಕೋಚದಿಂದಲೇ ಪೊಟ್ಟಣ ತೆಗೆದುಕೊಂಡ. ಯಾಸುಯೊ ಪಕ್ಕದಲ್ಲೇ ಇದ್ದಳು. ತಪ್ಪು ನಿಮ್ಮದೆಂದು ಯಾರು ಹೇಳಿದರು, ಯಾರಿಂದ ಬಂತೋ ಇನ್ನೂ ಯಾರಿಗೂ ಗೊತ್ತಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಹದಿಮೂರು ಮಕ್ಕಳು ನೋಡುತ್ತಿದ್ದರು.

ತಂಡ ಜಿಲ್ಲೆಯಲ್ಲಿ ಮೂರನೆಯದಾಗಿ ಬಂತು. ಅಷ್ಟರಲ್ಲಿ ಇನ್ನೂ ಮೂವರ ತೋಳಲ್ಲಿ ಉಂಗುರಗಳೆದ್ದಿದ್ದವು. ಸೆಗಾವ ಮಾತಿಗೆ ತಪ್ಪಲಿಲ್ಲ, ಮಾರನೇ ದಿನ ಮೊದಲು ತಾನೇ ಬಂದು ತಲೆ ಬಗ್ಗಿಸಿ ಕೂತ. ಯಾಸುಯೊ ಒಬ್ಬೊಬ್ಬರ ತಲೆಯನ್ನೂ ಬೇರೆ ಬೇರೆ ಬ್ರಷ್ಷಿನಿಂದ ಬಾಚಿ, ಹೆಸರು ಬರೆದು ಮೊರಿವಾಕಿ ಡಾಕ್ಟರಿಗೆ ಕಳಿಸಿದಳು. ಮೂರು ವಾರದ ಮೇಲೆ ಅವರೇ ಕರೆದು ತೋರಿಸಿದರು. ಬ್ರಷ್ಷುಗಳನ್ನು ಒತ್ತಿ ಇಟ್ಟಿದ್ದ ಬಟ್ಟಲುಗಳಲ್ಲಿ ಒಂಬತ್ತರಲ್ಲಿ ಬೂಷ್ಟಿನ ಬಿಳಿ ಮೊಳಕೆ ಎದ್ದಿತ್ತು. ಒಂದರಲ್ಲಿ ಮಾತ್ರ ಎಣಿಸಲಾರದಷ್ಟು, ಬ್ರಷ್ಷಿನ ಪ್ರತಿ ಹಲ್ಲು ತಾಗಿದ ಕಡೆಯೂ. ಅದರ ಮೇಲೆ ಸೆಗಾವನ ಹೆಸರಿತ್ತು.

"ಇವರ ತಲೇಲಿ ಇದು ಹಳೇದು," ಎಂದರು ಡಾಕ್ಟರು. "ವರ್ಷಗಳೇ ಆಗಿರಬಹುದು. ಆ ಹುಡುಗಿ ಇದಕ್ಕೆ ಮುಂಚೆ ಜೂಡೊ ಆಡಿದ್ಲಾ?"

ಆಡಿರಲಿಲ್ಲ. ಚಾಪೆಯ ಮೇಲೆ ಅವಳು ಕಾಲಿಟ್ಟದ್ದೇ ಏಪ್ರಿಲ್‌ನಲ್ಲಿ, ಬೀಳುವುದು ಹೇಗೆಂದು ಅವಳಿಗೆ ಕಲಿಸಿದ್ದೇ ಸೆಗಾವ.

ಆದರೆ ಅಷ್ಟು ಹೊತ್ತಿಗೆ ಮಿಚಿರು ಶಾಲೆ ಬಿಟ್ಟಾಗಿತ್ತು. ಜುಲೈ ಕೊನೆಗೆ ಬೇಸಿಗೆ ರಜೆ ಶುರುವಾದ ದಿನವೇ ಅಮ್ಮ ಲೆಕ್ಕ ಮುಗಿಸಿಕೊಂಡು, ಬೆಟ್ಟದಾಚೆಯ ತವರಿಗೆ ಮಗಳನ್ನು ಕರೆದುಕೊಂಡು ಹೊರಟುಹೋಗಿದ್ದಳು. ಸೆಗಾವ ವಿಷಯ ಕೇಳಿದ ದಿನವೇ ತಲೆ ನುಣ್ಣಗೆ ಬೋಳಿಸಿಕೊಂಡ, ಮಾತ್ರೆ ನುಂಗಿದ, ಮಕ್ಕಳ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ. ಮಿಚಿರುವಿನ ಹೆಸರು ಮಾತ್ರ ಅವನ ಬಾಯಲ್ಲಿ ಬರಲಿಲ್ಲ. ಶಾಲೆಯಿಂದ ಒಂದು ಪತ್ರವಾದರೂ ಹೋಗಲಿ ಎಂದು ಯಾಸುಯೊ ಹೆಡ್‌ಮಾಸ್ಟರನ್ನು ಕೇಳಿದಳು. ಹೋದ ಮಗುವಿಗೆ ಮತ್ತೆ ನೆನಪಿಸುವುದೇಕೆ ಎಂದು ಅವರು ಮಾತು ಮುಗಿಸಿದರು.

ಸೆಪ್ಟೆಂಬರಿನ ಒಂದು ಭಾನುವಾರ ಯಾಸುಯೊ ತಾನೇ ಬೆಟ್ಟದಾಚೆಗೆ ಹೊರಟಳು. ಎರಡು ರೈಲು, ಒಂದು ಬಸ್ಸು. ಅಮ್ಮ ಬಾಗಿಲು ತೆಗೆದಳು. ಯಾಸುಯೊ ಹೊಸಿಲಲ್ಲೇ ನಿಂತು ಎಲ್ಲ ಹೇಳಿದಳು, ತನ್ನ ಜೇಬಿನಲ್ಲಿ ಮಡಿಸಿಟ್ಟ ಚೀಟಿಯನ್ನೂ ಬಿಡದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು, ಇಷ್ಟು ದೂರ ಬಂದಿರಿ, ಉಪಕಾರವಾಯಿತು ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಒಳಗೆ ಬನ್ನಿ ಎನ್ನಲಿಲ್ಲ.

ಬಸ್ಸಿನವರೆಗೆ ಮಿಚಿರು ಬಂದಳು. ಕೂದಲು ಸ್ವಲ್ಪ ಬೆಳೆದಿತ್ತು. ಇಲ್ಲಿ ಜೂಡೊ ಇಲ್ಲ, ಇದ್ದರೂ ಬೇಡ ಎಂದಳು. ಆಮೇಲೆ ರಸ್ತೆ ನೋಡುತ್ತಾ ಕೇಳಿದಳು.

"ಟೀಚರ್, ಹಾಗಾದ್ರೆ ನನ್ನಿಂದ ಯಾರಿಗೂ ಬರಲಿಲ್ವಾ?"

"ಇಲ್ಲ ಮಗು. ನಿನಗೇ ನಮ್ಮಿಂದ ಬಂತು. ನಾನು ಆಗಲೇ ಬಾಯಿ ಬಿಡಬೇಕಿತ್ತು."

ಹುಡುಗಿ ತಲೆಯಾಡಿಸಿದಳು. ಹನಿ ಬೀಳತೊಡಗಿತು. ನಿಲ್ದಾಣದ ತಗಡಿನ ಕೆಳಗೆ ಬೆಂಚಿತ್ತು, ಇಬ್ಬರಿಗೆ ಧಾರಾಳವಾಗಿ ಸಾಕಾಗುವಷ್ಟು. ಯಾಸುಯೊ ಕೂತು, ಪಕ್ಕದ ಜಾಗ ತಟ್ಟಿ ಕರೆದಳು. ಉಂಗುರ ಮಾಯವಾಗಿ ತಿಂಗಳಾಗಿತ್ತು, ಕತ್ತು ನುಣುಪಾಗಿತ್ತು.

"ಪರವಾಗಿಲ್ಲ ಟೀಚರ್, ನಾನು ಇಲ್ಲೇ ಇರ್ತೀನಿ," ಎಂದಳು ಮಿಚಿರು.

ಬಸ್ಸು ಬರುವವರೆಗೂ ಅವಳು ತಗಡಿನ ಅಂಚಿನಲ್ಲೇ, ಎರಡು ಮಾರು ದೂರದಲ್ಲಿ, ಒಂದು ಭುಜ ನೆನೆಸಿಕೊಂಡು ನಿಂತಿದ್ದಳು.