ಮೂಲೆ ಕಾಯುವವನು

ಕ್ಯಾಪ್ಟನ್ ತನ್ನ ಬೈಕಿನ ಸೀಟನ್ನು ಬಿಚ್ಚಿ ಕಂಕುಳಲ್ಲಿ ಇರುಕಿಕೊಂಡು ಬಂದಾಗ ಸೀಟಕ್ಕ ಮಗಳ ಶಾಲೆಯ ಲಂಗಕ್ಕೆ ಹುಕ್ಕು ಹಾಕುತ್ತಿದ್ದಳು.

"ಪಕ್ಕಕ್ಕಿಡಿ, ಇದು ಮುಗೀಲಿ. ನಾಳೆ ಇವಳು ಪಿನ್ನು ಚುಚ್ಕೊಂಡು ಹೋದ್ರೆ ನಂಗೆ ಮರ್ಯಾದೆ ಇರಲ್ಲ" ಎಂದಳು ತಲೆಯೆತ್ತದೆ.

"ಊರೆಲ್ಲಾ ಕೂರೋದಕ್ಕೆ ಹೊಲಿದು ಕೊಡ್ತೀಯ, ಮಗಳ ಲಂಗ ಮಾತ್ರ ಪಿನ್ನಿನ ಮೇಲೆ!" ಎಂದು ಕ್ಯಾಪ್ಟನ್ ನಕ್ಕು ಹೊರಗೆ ಹೋದ.

ಬೈಕಿನ ಸೀಟು ಹೊಲಿಯುವುದು ಅವಳ ಕಸುಬು. ಹಾಗಾಗಿ ಎಲ್ಲರಿಗೂ ಸೀಟಕ್ಕ. ಅಂಗಡಿ ಎಂದರೆ ಗ್ಯಾರೇಜಿನ ಗೋಡೆಗೆ ಅಂಟಿಕೊಂಡ ಒಂದೇ ಕೋಣೆ. ಒಂದು ಹೊಲಿಗೆ ಯಂತ್ರ, ಗೋಡೆಗೊರಗಿಸಿದ ಫೋಮಿನ ಹಾಳೆಗಳು, ರೆಕ್ಸಿನ್ನಿನ ಸುರುಳಿಗಳು, ಎಷ್ಟು ಗಾಳಿಯಾಡಿದರೂ ಹೋಗದ ಅಂಟಿನ ವಾಸನೆ. ಪಕ್ಕದ ಗ್ಯಾರೇಜು ಮೆಕ್ಯಾನಿಕ್ಕನದು. ರಜೆಯ ದಿನ ಬೆಳಗ್ಗೆ ಬೈಕಿನ ಗುಂಪು ಅಲ್ಲಿ ಸೇರುತ್ತಿತ್ತು. ಚಹಾ ಕುಡಿದು, ಒಬ್ಬರ ಗಾಡಿಯನ್ನು ಇನ್ನೊಬ್ಬರು ಹೀಯಾಳಿಸಿ, ಮನಸ್ಸು ಬಂದರೆ ಎಲ್ಲಾದರೂ ದೂರ ಹೋಗಿ ಬರುವುದು ಅವರ ರೂಢಿ. ಸೀಟಕ್ಕನೂ ತನ್ನ ಹಳೆಯ ಬೈಕಿನಲ್ಲಿ ಆಗಾಗ ಹೋಗುತ್ತಿದ್ದಳು.

ಆ ದಿನ ಮೆಕ್ಯಾನಿಕ್ಕನ ಕೈಗೆ ಸಿಕ್ಕಿದ್ದವನು ಹಾರನ್. ಪಾರ್ಸೆಲ್ ವ್ಯಾನು ಓಡಿಸುವ ಇವನ ಗಂಟಲಿಗೆ ಹೆದರಿ ಎದುರಿನ ಗಾಡಿಗಳು ದಾರಿ ಬಿಡುತ್ತವೆಂದು ಆ ಹೆಸರು.

"ನಿನ್ನ ಎಂಜಿನ್ನಿನಲ್ಲಿರೋದು ಎಣ್ಣೆ ಅಲ್ಲ ಕಣೋ, ಡಾಂಬರು. ಹಳ್ಳ ಬಿದ್ದಿರೋ ರಸ್ತೆಗೆ ಸುರಿ, ಪುಣ್ಯ ಬರುತ್ತೆ."

"ನಿನ್ನ ಬಿಲ್ಲು ನೋಡಿದ್ರೆ ನಾನು ವಿಮಾನ ರಿಪೇರಿಗೆ ಬಿಟ್ಟಿದ್ದೆ ಅನ್ಸುತ್ತೆ. ಅದಿರಲಿ, ನಿನ್ನ ಟ್ಯಾಂಕಿಗೇನಪ್ಪಾ ಇದು, ಸಿಡುಬು ಬಂದಿತ್ತಾ?"

ಮೆಕ್ಯಾನಿಕ್ಕನ ಬೈಕಿನ ಟ್ಯಾಂಕಿನ ತುಂಬ ಬೆರಳ ತುದಿಯಷ್ಟು ತಗ್ಗುಗಳು. ಅವನು ಅವುಗಳ ಮೇಲೆ ಬಟ್ಟೆಯಾಡಿಸಿದ. "ಆಲಿಕಲ್ಲು. ಆ ದಿನದ್ದು."

'ಆ ದಿನ' ಎಂದರೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಗೋಡೆಯ ಈಚೆ ಸೀಟಕ್ಕನ ಸೂಜಿ ನಿಂತಿತು.

ಆಗ ಗುಂಪಿನ ಮುಂದಾಳು ಕ್ಯಾಪ್ಟನ್ ತನ್ನ ಗಾಡಿಯ ಟ್ಯಾಂಕನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ. "ಗಾಡಿ ಇಟ್ಕೊಳ್ಳೋಕೂ ಲಕ್ಷಣ ಬೇಕು ಕಣ್ರೋ. ಇಲ್ಲಿ ನೋಡಿ, ಕನ್ನಡಿ! ಕೊಂಡ ದಿನದ ಪೇಂಟು. ಒಂದು ಆಲಿಕಲ್ಲು ತಾಗಿಲ್ಲ. ಮೋಡ ಕಪ್ಪಾಗ್ತಿದ್ದ ಹಾಗೇ ಎತ್ತಿಬಿಟ್ಟೆ ಗಾಡಿ, ಕೆರೆ ಹತ್ರ ಹೋಗಿಯೇ ನಿಲ್ಸಿದ್ದು."

ಹಾರನ್ ನಕ್ಕ. ಕನ್ನಡಕದ ಅಂಗಡಿಯವನೂ ನಕ್ಕ. ಅವನನ್ನು ಎಲ್ಲರೂ ಕರೆಯುವುದೇ ಕನ್ನಡಕ ಎಂದು. ಮೆಕ್ಯಾನಿಕ್ ನಗಲಿಲ್ಲ. ಬಟ್ಟೆ ಹಿಡಿದ ಕೈ ತಗ್ಗಿನ ಮೇಲೆ ಹಾಗೇ ನಿಂತಿತ್ತು. ಅವನು ಮೆಲ್ಲಗೆ ತಿರುಗಿ ಸೀಟಕ್ಕನ ಬಾಗಿಲ ಕಡೆ ನೋಡಿದ. ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು.

ಈ ಗುಂಪಿಗೆ ಒಂದು ಕಟ್ಟಳೆಯಿತ್ತು. ದಾರಿ ಕವಲೊಡೆಯುವ ಕಡೆಯೆಲ್ಲ ಒಬ್ಬನು ಬೈಕು ನಿಲ್ಲಿಸಿ ಮೂಲೆ ಕಾಯಬೇಕು. ಹಿಂದಿನವರಿಗೆ ಕೈ ತೋರಿಸಿ ದಾರಿ ಹೇಳಬೇಕು. ಎಲ್ಲರಿಗಿಂತ ಹಿಂದೆ ಬರುವವನಿಗೆ ಬಾಲ ಎಂದು ಹೆಸರು. ಬಾಲ ಕಣ್ಣಿಗೆ ಬೀಳುವವರೆಗೆ ಮೂಲೆಯವನು ಕದಲುವಂತಿಲ್ಲ. ಬಿಸಿಲಾದರೂ ಸರಿ, ಮಳೆಯಾದರೂ ಸರಿ. ಮೂಲೆಯಲ್ಲಿ ಯಾರೂ ಇಲ್ಲದಿದ್ದರೆ ನೇರ ಹೋಗಬೇಕೆಂದು ಲೆಕ್ಕ.

ಎರಡು ವರ್ಷದ ಹಿಂದೆ ಸೀಟಕ್ಕನ ತಮ್ಮ ಮೊದಲ ಸಲ ಗುಂಪಿನ ಜೊತೆ ಕೆರೆಗೆ ಹೋದ. ಬಾಲವಾಗಿದ್ದ ಮೆಕ್ಯಾನಿಕ್ಕನ ಚೈನು ನಡುದಾರಿಯಲ್ಲಿ ತುಂಡಾಯಿತು. ಅವನು ಮೂಲೆಯಲ್ಲಿದ್ದ ಕ್ಯಾಪ್ಟನ್ನಿಗೆ ಫೋನು ಮಾಡಿ, "ಹುಡುಗ ಒಬ್ಬನೇ ಬರ್ತಿದ್ದಾನೆ, ಅವನನ್ನೇ ಬಾಲ ಅಂದ್ಕೋ, ಅವನು ಬಂದ ಮೇಲೆ ಹೊರಡು" ಎಂದ. ಅಷ್ಟರಲ್ಲಿ ಆಲಿಕಲ್ಲು ಸುರಿಯಿತು. ಕೆರೆಯ ದಾರಿ ಎಡಕ್ಕೆ ತಿರುಗುತ್ತದೆ. ತಮ್ಮ ತಿರುಗದೆ ನೇರ ಹೋದ. ನೇರ ಹೋದರೆ ಕಲ್ಲುಗಣಿಯ ಹಳೇ ರಸ್ತೆ, ಅದರ ಕೊನೆಗೆ ಕುಸಿದುಬಿದ್ದ ಮೋರಿ.

ಆಸ್ಪತ್ರೆಯಲ್ಲಿ ಕ್ಯಾಪ್ಟನ್ ಅವಳ ಎದುರಿಗೆ ಕೂತು ಕಣ್ಣೊರೆಸಿಕೊಂಡಿದ್ದ. "ಆಲಿಕಲ್ಲು ತಲೆ ಮೇಲೆ ಬೀಳ್ತಿತ್ತು ಅಕ್ಕ, ಆದ್ರೂ ಮೂಲೆ ಬಿಡ್ಲಿಲ್ಲ ನಾನು. ಕೈ ಬೀಸ್ದೆ, ಶಿಳ್ಳೆ ಹಾಕ್ದೆ. ಬಾಣದ ಹಾಗೆ ಹೊರಟುಹೋದ."

ತಮ್ಮನ ಮುರಿದ ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಗುಂಪಿನವರು ಅವನಿಗೆ ಬಾಣ ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಅವರ ಪ್ರೀತಿಯೇ ಹಾಗೆ. ಕಾಲಿನದನ್ನು ಸೀಟಕ್ಕ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಬೇರೆಯೇ ಇತ್ತು. ತಮ್ಮ ತನ್ನ ಕಣ್ಣನ್ನು ತಾನೇ ನಂಬುವುದನ್ನು ಬಿಟ್ಟಿದ್ದ. ಕನ್ನಡಕದ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಏನೂ ದೋಷವಿಲ್ಲ ಎಂದರೆ ಇನ್ನೊಂದು ಕಡೆ ಹೋದ. "ಅಲ್ಲೇ ನಿಂತಿದ್ದನಂತೆ ಅಕ್ಕ, ಕೈ ಬೀಸಿದನಂತೆ. ನನಗೆ ಕಾಣಲೇ ಇಲ್ಲ ಅಂದ್ರೆ ನಾನೆಂಥವನು?" ಬೈಕು ಮಾರಿದ. ಅವಳ ಮಗಳನ್ನು ರಸ್ತೆ ದಾಟಿಸಲೂ ಹಿಂಜರಿಯುತ್ತಿದ್ದ.

ಈಗ ಕ್ಯಾಪ್ಟನ್ನಿನ ಟ್ಯಾಂಕು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಸುಳ್ಳು ಹೇಳಿದವನಿಗೆ ಅದು ಮರೆತುಹೋಗಿತ್ತು. ಕೇಳಿಸಿಕೊಂಡವಳಿಗೆ ಒಂದಕ್ಷರ ಮರೆತಿರಲಿಲ್ಲ.

ಆ ಮಧ್ಯಾಹ್ನ ಅವಳು ಅವನ ಸೀಟನ್ನು ಬಿಚ್ಚಿ ಫೋಮು ಕತ್ತರಿಸಿ ಹೊಸ ರೆಕ್ಸಿನ್ ಎಳೆದಳು. ಕೂರುವವನ ತೊಡೆಯ ಕೆಳಗೆ ಸರಿಯಾಗಿ ಬರುವ ಜಾಗದಲ್ಲಿ ಬಾಗಿದ ದೊಡ್ಡ ಸೂಜಿಯೊಂದನ್ನು ಮೊನೆ ಮೇಲಾಗಿ ನೆಟ್ಟಳು. ನೋಡಿದಳು. ಅವನು ಚೀರಿ ಎಗರುವುದನ್ನು ಮನಸ್ಸಿನಲ್ಲೇ ಚಪ್ಪರಿಸಿದಳು. ಆಮೇಲೆ ಸೂಜಿ ಕಿತ್ತು ಡಬ್ಬಿಗೆ ಹಾಕಿದಳು. ಕರುಣೆ ಬಂದಿತೆಂದಲ್ಲ. ಇಷ್ಟಕ್ಕೆ ಈ ಸೂಜಿ ಸಾಲದು ಅನ್ನಿಸಿತು.

ಮೆಕ್ಯಾನಿಕ್ ಬಾಗಿಲಿಗೆ ಬಂದು ನಿಂತ. "ಈಗಲೇ ಹೋಗಿ ಕಾಲರ್ ಹಿಡೀಲಾ?"

"ಹಿಡಿದ್ರೆ ಏನಂತಾನೆ? ತಮಾಷೆಗೆ ಅಂದೆ ಅಂತಾನೆ. ಟ್ಯಾಂಕಿಗೆ ಹೊಸ ಪೇಂಟ್ ಹೊಡಿಸಿದ್ದೆ ಅಂತಾನೆ. ಆ ಬಾಯಿಗೆ ನಾವಿಬ್ಬರೂ ಸಮ ಅಲ್ಲ" ಎಂದು ಅವಳು ದಾರ ಕಚ್ಚಿ ತುಂಡರಿಸಿದಳು. "ನಿಮ್ಮ ಪಿಕಪ್ ಓಡುತ್ತಾ?"

"ಓಡುತ್ತೆ. ಯಾಕೆ?"

ಅವಳು ಹೇಳಿದಳು. ಮೆಕ್ಯಾನಿಕ್ ಗಲ್ಲ ಕೆರೆದುಕೊಂಡು ಕೇಳಿಸಿಕೊಂಡ.

"ಅವನು ಕದಲದೆ ನಿಂತ್ರೆ?"

"ನಿಂತ್ರೆ ನಾನೇ ಹೋಗಿ ಕಾಲಿಗೆ ಬೀಳ್ತೀನಿ." ಹಾಗೆಂದಳೇ ಹೊರತು, ಅವನು ನಿಲ್ಲದೆ ಇರಲಿ ಎಂದು ಒಳಗೊಳಗೇ ಹಲ್ಲು ಕಚ್ಚಿ ಬೇಡಿಕೊಂಡಳು.

ಮುಂದಿನ ರಜೆಗೆ ಕೆರೆಗೇ ಹೋಗುವುದೆಂದಾಯಿತು. ಹೊರಡುವ ಬೆಳಗ್ಗೆ ಕ್ಯಾಪ್ಟನ್ ಹೊಸ ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಕುಲುಕಿ ನೋಡಿದ. "ಸೋಫಾ ಕಣಕ್ಕ ಇದು!"

"ಕೂತು ಕೂತು ಅಭ್ಯಾಸ ಆಗಿದೆಯಲ್ಲ ನಿಮಗೆ" ಎಂದಳು ಸೀಟಕ್ಕ, ಎಲ್ಲರಿಗೂ ಕೇಳುವ ಹಾಗೆ. "ಮುಂದೆ ಹೋಗೋರಿಗೆ ಮೂಲೆ ಕಾಯೋದು ಮರೆತೇ ಹೋಗಿರಬೇಕು."

ಹಾರನ್‌ಗೆ ಅಷ್ಟೇ ಸಾಕಾಗಿತ್ತು. "ಹೌದಲ್ವಾ! ಇವನು ಮೂಲೇಲಿ ನಿಂತಿದ್ದು ಯಾವಾಗ? ಕಾಲು ನೋಯುತ್ತೇನೋ ಪಾಪ, ವಯಸ್ಸಾಯ್ತು."

"ನನಗೆ ಹೇಳ್ತೀಯೇನೋ ಮೂಲೆ ವಿಷಯ?" ಕ್ಯಾಪ್ಟನ್ನಿಗೆ ಚುರುಕ್ಕೆಂದಿತು. "ಇವತ್ತು ಮುಂದೆ ನೀನೇ ಹೋಗು. ಕೆರೆ ತಿರುವಿನಲ್ಲಿ ನಾನೇ ನಿಲ್ತೀನಿ. ಬಾಲ ಯಾರು?"

"ನಾನು" ಎಂದಳು ಸೀಟಕ್ಕ.

ಕೆರೆ ತಿರುವಿಗೆ ಸ್ವಲ್ಪ ಮುಂಚೆ, ದಿಬ್ಬದ ಮೇಲೆ ಒಂದು ಪೆಟ್ರೋಲ್ ಬಂಕು. ಅಲ್ಲಿಂದ ನೋಡಿದರೆ ರಸ್ತೆ ಇಳಿದುಹೋಗಿ ತಿರುವಿಗೆ ಸೇರುವುದು ಅಂಗೈಯ ಗೆರೆಯಷ್ಟು ಸ್ಪಷ್ಟ. ಬಂಕಿನ ಹಿಂದಿನಿಂದ ಲಾರಿಗಳ ದಾರಿಯೊಂದು ಕೆರೆಯ ಆಚೆ ದಡಕ್ಕೆ ಸುತ್ತಿಹೋಗುತ್ತದೆ. ಆ ದಾರಿಯಲ್ಲಿ ಹೋದವರಿಗೆ ತಿರುವು ಸಿಗುವುದೇ ಇಲ್ಲ. ಸೀಟಕ್ಕ ಬಂಕು ಮುಟ್ಟುವ ಹೊತ್ತಿಗೆ ಮೆಕ್ಯಾನಿಕ್ಕನ ಪಿಕಪ್ ಅಲ್ಲಿ ನಿಂತಿತ್ತು. ಒಳಗೆ ತಮ್ಮ ಕೂತಿದ್ದ. ಫೋಮು ಇಳಿಸಲು ಒಂದು ಕೈ ಬೇಕೆಂದು ಹೇಳಿ ಮೆಕ್ಯಾನಿಕ್ ಅವನನ್ನು ಕರೆತಂದಿದ್ದ.

ಇಬ್ಬರೂ ಸೇರಿ ಅವಳ ಬೈಕನ್ನು ಪಿಕಪ್ಪಿನ ಹಿಂದೆ ಹತ್ತಿಸಿ ಹಗ್ಗ ಬಿಗಿದರು. ಅವಳು ಬಂದು ತಮ್ಮನ ಪಕ್ಕ ಕೂತಳು.

"ಏನಾಯ್ತು ಗಾಡಿಗೆ?" ತಮ್ಮ ಕೇಳಿದ.

"ಗಾಡಿಗೇನೂ ಆಗಿಲ್ಲ. ಕೆಳಗೆ ನೋಡು. ಏನು ಕಾಣ್ಸುತ್ತೆ ಹೇಳು."

ಅವನು ಕಣ್ಣು ಕಿರಿದು ಮಾಡಿದ. ಆ ಜಾಗ ಯಾವುದೆಂದು ಗೊತ್ತಾಗಿ ಅವನ ಕೈ ತಾನಾಗಿಯೇ ಮೊಣಕಾಲಿನ ಮೇಲೆ ಹೋಯಿತು. "ಮೂಲೆ. ಯಾರೋ ನಿಂತಿದ್ದಾರೆ. ಕ್ಯಾಪ್ಟನ್ ಅಲ್ವಾ? ಕೆಂಪು ಜಾಕೆಟ್ಟು."

"ಕಾಣ್ಸುತ್ತಲ್ಲ, ಹಾಗೇ ನೋಡ್ತಿರು."

ಬಿಸಿಲು ಏರಿತು. ಕೆಳಗೆ ಕೆಂಪು ಜಾಕೆಟ್ಟು ಬೈಕಿನಿಂದ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು. ಜಾಕೆಟ್ಟು ಕಳಚಿ ತಲೆಗೆ ಹೊದ್ದುಕೊಂಡಿತು. ಫೋನು ಕಿವಿಗಿಟ್ಟುಕೊಂಡಿತು. ಸೀಟಕ್ಕನ ಫೋನು ಆಫ್ ಆಗಿತ್ತು.

"ಬಾ ಅಕ್ಕ, ಹೋಗೋಣ. ಪಾಪ, ಬಿಸಿಲಲ್ಲಿ ಬೇಯ್ತಿದ್ದಾನೆ" ಎಂದ ತಮ್ಮ.

"ಬೇಯ್ಲಿ" ಎಂದಳು.

ಮೆಕ್ಯಾನಿಕ್ ಎಲ್ಲರಿಗೂ ಬಿಸ್ಕತ್ತು ಹಂಚಿದ. ಅವಳು ತನ್ನದನ್ನು ತಮ್ಮನ ಕೈಗಿಟ್ಟಳು. ಕ್ಯಾಪ್ಟನ್ ಕದಲಲಿಲ್ಲ, ಇನ್ನೂ ಕದಲಲಿಲ್ಲ. ನಿಂತೇಬಿಟ್ಟರೆ? ಎರಡು ವರ್ಷದಲ್ಲಿ ಮನುಷ್ಯ ಬದಲಾಗಿದ್ದರೆ? ಅವನ ಮೇಲೆ ಅವಳಿಗಿದ್ದ ಸಿಟ್ಟು ಅಷ್ಟು ಹೊತ್ತು ಅವನು ನಿಂತಿದ್ದಕ್ಕೇ ಇನ್ನಷ್ಟು ಹೆಚ್ಚಿತು.

ಆಗ ಕೆಂಪು ಜಾಕೆಟ್ಟು ಅತ್ತ ನೋಡಿತು, ಇತ್ತ ನೋಡಿತು, ಬೈಕು ಹತ್ತಿ ಎಡಕ್ಕೆ ತಿರುಗಿ ಹೊರಟುಹೋಯಿತು.

ಮೂಲೆ ಖಾಲಿಯಿತ್ತು. ತಮ್ಮ ಅದನ್ನೇ ನೋಡುತ್ತಿದ್ದ.

"ಬಾಲ ಬರೋವರೆಗೆ ಬಿಡಬಾರದು ಅಲ್ವಾ?" ಎಂದ ಕೊನೆಗೆ. "ನೀನೇ ಬಾಲ ಅಲ್ವಾ?"

ಕೆರೆ ಮುಟ್ಟುವಷ್ಟು ಹೊತ್ತನ್ನು ಕ್ಯಾಪ್ಟನ್ನಿಗೆ ಬಿಟ್ಟುಕೊಟ್ಟು ಸೀಟಕ್ಕ ಫೋನು ಆನ್ ಮಾಡಿದಳು. ಹಾರನ್‌ಗೆ ಕರೆ ಮಾಡಿ ಸ್ಪೀಕರಿಗೆ ಹಾಕಿ ಗಾಜಿನ ಮುಂದೆ ಇಟ್ಟಳು.

"ಸೀಟಕ್ಕಾ! ಎಲ್ಲಿದ್ದೀಯ? ಹೆದರಿಸಿಬಿಟ್ಟೆಯಲ್ಲ!" ಹಾರನ್‌ನ ದನಿಗೆ ಗಾಜು ನಡುಗಿತು.

"ದಾರಿ ತಪ್ತು ಅಣ್ಣ. ಮೂಲೇಲಿ ಯಾರೂ ಇರ್ಲಿಲ್ವಲ್ಲ?"

ಆ ಕಡೆ ಗುಸುಗುಸು. ಫೋನು ಕೈ ಬದಲಾಯಿಸಿತು. ಕ್ಯಾಪ್ಟನ್ನಿನ ದನಿ ಬಂತು, ಮೆತ್ತಗೆ, ಆಸ್ಪತ್ರೆಯಲ್ಲಿ ಬಂದಿದ್ದಷ್ಟೇ ಮೆತ್ತಗೆ. "ಏನಕ್ಕ ಹೀಗಂತೀಯ? ಮೂಲೇಲೇ ಇದ್ನಲ್ಲ ನಾನು. ಕೈ ಬೀಸ್ದೆ, ಶಿಳ್ಳೆ ಹಾಕ್ದೆ. ಬಾಣದ ಹಾಗೆ ಹೊರಟುಹೋದೆ ನೀನು."

ಹಿಂದಿನಿಂದ ಹಾರನ್ ಕೂಗಿದ: "ಮನೆಮಂದಿಯೆಲ್ಲಾ ಬಾಣಗಳೇ!" ನಗು ಕೇಳಿಸಿತು.

ಸೀಟಕ್ಕ ಫೋನು ಕಟ್ ಮಾಡಿದಳು. ತಮ್ಮನ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಅವನು ಕೆಳಗಿನ ಮೂಲೆಯ ಕಡೆ ಬೆರಳು ತೋರಿಸಿದ. ಆಮೇಲೆ, "ಅವತ್ತೂ ಖಾಲಿಯಿತ್ತು" ಎಂದ. "ನಾನು ನೋಡಿದ್ದೆ ಅಕ್ಕ. ಖಾಲಿಯಿದ್ದದ್ದು ನೋಡಿಯೇ ನೇರ ಹೋದೆ. ಯಾರೂ ಇಲ್ಲ ಅಂದ್ರೆ ನೇರ ಹೋಗ್ಬೇಕು ಅಂತ ತಾನೇ ಲೆಕ್ಕ?"

"ಹೌದು ಕಣೋ" ಎಂದ ಮೆಕ್ಯಾನಿಕ್, ಗೇರು ಹಾಕುತ್ತ. "ಅದೇ ಲೆಕ್ಕ."

ಲಾರಿ ದಾರಿಯಲ್ಲಿ ಸುತ್ತಿ ಪಿಕಪ್ಪು ಆಚೆ ದಡದಿಂದ ಗುಂಪು ಸೇರಿದ್ದ ಚಹಾ ಅಂಗಡಿಯ ಮುಂದೆ ಬಂದು ನಿಂತಾಗ ಮೊದಲು ಎಲ್ಲರ ಕಣ್ಣಿಗೆ ಬಿದ್ದದ್ದು ಹಗ್ಗ ಬಿಗಿಸಿಕೊಂಡು ಹಿಂದೆ ನಿಂತಿದ್ದ ಸೀಟಕ್ಕನ ಬೈಕು. ಹಾರನ್‌ನ ಬಾಯಿ ತೆರೆದದ್ದು ಹಾಗೇ ಉಳಿಯಿತು, ಶಬ್ದ ಬರಲಿಲ್ಲ.

"ಈ ಗಾಡಿ ತಿರುವಿನ ಹತ್ರ ಬಂದೇ ಇಲ್ಲ" ಎಂದಳು ಸೀಟಕ್ಕ, ಇಳಿಯುತ್ತ. "ನಾವು ಮೂರು ಜನ ಬಂಕಿನಲ್ಲಿ ಕೂತು ನಿಮ್ಮನ್ನೇ ನೋಡ್ತಿದ್ವಿ. ನೀವು ಕೈ ಬೀಸಿದ್ದು ಯಾರಿಗೆ ಕ್ಯಾಪ್ಟನ್? ಶಿಳ್ಳೆ ಹಾಕಿದ್ದು ಯಾರಿಗೆ?"

ಕ್ಯಾಪ್ಟನ್ ನಗಲು ನೋಡಿದ. ಮುಖ ಒಪ್ಪಲಿಲ್ಲ. "ಅಷ್ಟು ಹೊತ್ತು ಕಾಯಿಸಿದ್ರೆ ಯಾರು ತಾನೇ..."

"ಇವತ್ತಿಂದು ಬಿಡಿ. ಅವತ್ತಿಂದು ಹೇಳಿ. ಮೋಡ ಕಪ್ಪಾಗ್ತಿದ್ದ ಹಾಗೇ ಎತ್ತಿಬಿಟ್ಟೆ ಅಂದ್ರಲ್ಲ, ಹೋದ ವಾರ. ಇಲ್ಲಿರೋರೆಲ್ಲಾ ಕೇಳಿಸ್ಕೊಂಡಿದ್ದಾರೆ."

ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಅಲ್ಲೇ ನಿಂತಿದ್ದ ಆ ಟ್ಯಾಂಕಿನ ಮೇಲೆ ಹೋಯಿತು. ನುಣ್ಣಗೆ, ಕನ್ನಡಿಯ ಹಾಗೆ, ಒಂದು ತಗ್ಗಿಲ್ಲ.

ಕನ್ನಡಕ ಎದ್ದು ಬಂದು ತಮ್ಮನ ತೋಳು ಹಿಡಿದ. "ನಾನೇ ಪರೀಕ್ಷೆ ಮಾಡಿದ್ನಲ್ಲೋ ನಿನ್ನ ಕಣ್ಣು. ಸರಿ ಇದೆ ಅಂತ ಹೇಳಿದೋನೂ ನಾನೇ, ಬಾಣ ಅಂತ ಕರೆದೋನೂ ನಾನೇ. ನನಗೇ ಕನ್ನಡಕ ಬೇಕಿತ್ತು."

ತಮ್ಮ ಅವನ ಕೈ ಬಿಡಿಸಿಕೊಂಡು, ಕಾಲೆಳೆಯುತ್ತ ಕ್ಯಾಪ್ಟನ್ನಿನ ಬೈಕಿನ ಬಳಿ ಹೋದ. ಹೊಸ ಸೀಟಿನ ಮೇಲೆ ಅಂಗೈಯೊತ್ತಿದ.

"ಒಣಗಿದೆ. ಇವತ್ತು ಆಲಿಕಲ್ಲೂ ಇರ್ಲಿಲ್ಲ" ಎಂದ.

ಕ್ಯಾಪ್ಟನ್ ತಲೆ ತಗ್ಗಿಸಿದ. "ತಪ್ಪಾಯ್ತು" ಎಂದ, ಎಲ್ಲರಿಗೂ ಸೇರಿಸಿ.

"ಎಲ್ಲರಿಗೂ ಬೇಡ" ಎಂದಳು ಸೀಟಕ್ಕ. "ಅವನ ಮುಖ ನೋಡಿ ಹೇಳಿ."

ಹೇಳಿದ. ತಮ್ಮ ಆಯಿತೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅಕ್ಕನ ಮುಂದೆ ಕೈ ಚಾಚಿದ. "ಕೀ ಕೊಡು. ವಾಪಸ್ ಹೋಗುವಾಗ ನಾನು ಓಡಿಸ್ತೀನಿ. ಬಾಲ ನಾನೇ."

ಮೆಕ್ಯಾನಿಕ್ ಬೈಕಿನ ಹಗ್ಗ ಬಿಚ್ಚುತ್ತ, ಯಾರನ್ನೂ ನೋಡದೆ ಹೇಳಿದ: "ವಾಪಸ್ ಹೋಗೋವಾಗಲೂ ಆ ತಿರುವಿಗೆ ಒಬ್ಬ ಬೇಕು. ಈ ಸಲನೂ ಬಿಟ್ಟು ಬಂದ್ರೆ ನನ್ನ ಗ್ಯಾರೇಜಿನ ಮೆಟ್ಟಿಲು ಹತ್ತೋದು ಬೇಡ."

ಕ್ಯಾಪ್ಟನ್ ಹೆಲ್ಮೆಟ್ಟು ಎತ್ತಿಕೊಂಡು ಮೊದಲು ಹೊರಟ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಹೊರಟರು. ಅಂಗಡಿಯ ಮುಂದೆ ಅಕ್ಕ ತಮ್ಮ ಇಬ್ಬರೇ ಉಳಿದರು. ತಮ್ಮ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಬೆಂಚಿನ ಮೇಲೆ ಕಾಲು ಚಾಚಿ ಕೂತ. ಎರಡು ವರ್ಷದಲ್ಲಿ ಅವನು ಹಾಗೆ ಚಾಚಿ ಕೂತದ್ದನ್ನು ಅವಳು ನೋಡಿರಲಿಲ್ಲ.

"ಹೊರಡೋಣ್ವಾ?" ಎಂದಳು.

"ಏನವಸರ?" ಎಂದು ಅವನು ಅಂಗಡಿಯವನ ಕಡೆ ತಿರುಗಿದ. "ಇನ್ನೆರಡು ಚಹಾ ಕೊಡಿ. ನಿಧಾನಕ್ಕೆ ಮಾಡಿ, ಅವಸರ ಇಲ್ಲ."

ಸೀಟಕ್ಕ ತಲೆಯೆತ್ತಿ ಆಕಾಶ ನೋಡಿದಳು. ಉದ್ದಕ್ಕೂ ಬರೀ ನೀಲಿ, ಆಲಿಕಲ್ಲು ಸುರಿಸುವಂಥ ಒಂದು ಚೂರು ಮೋಡವಿರಲಿಲ್ಲ. ಅವಳಿಗೆ ಉಳಿದ ಬೇಸರ ಅದೊಂದೇ.