ಬಟ್ಟೆ ಬಯಲಿನ ಬ್ಯಾಂಡ್ ಮಂಟಪ

ನನ್ನ ಸಾರ್ವಜನಿಕ ಜೀವನ ಒಂದು ನವೆಂಬರಿನಲ್ಲಿ ಶುರುವಾಗಿ ಮುಂದಿನ ನವೆಂಬರಿನಲ್ಲಿ ಮುಗಿಯಿತು. ನಮ್ಮ ಪಿಟ್‌ಲಾವರ್ ಪುರಸಭೆಯ ಸದಸ್ಯರೊಬ್ಬರು, ಅವಧಿ ಇನ್ನೂ ಒಂದು ವರ್ಷ ಉಳಿದಿರುವಾಗಲೇ, ಕೆನಡಾದಲ್ಲಿದ್ದ ಮಗಳ ಮನೆಗೆ ಹೊರಟುಬಿಟ್ಟರು. ಆ ಸ್ಥಾನಕ್ಕೆ ನಿಂತವನು ನಾನೊಬ್ಬನೇ. ಎಬೆನೀಜರ್ ವೆಡರ್‌ಸ್ಪೂನನಾದ ನನ್ನನ್ನು ಎದುರಿಸಲು ಯಾರಿಗೂ ಧೈರ್ಯ ಬರಲಿಲ್ಲವೆಂದು ನಾನು ಬೀಗಿದೆ. ಅಲ್ಲೊಂದು ಸ್ಥಾನ ಖಾಲಿಯಿದೆ ಎಂಬುದೇ ಅರ್ಧ ಊರಿಗೆ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ನನ್ನದು ಟೋಪಿ ಅಂಗಡಿ. ಗೆದ್ದ ದಿನವೇ ಅಂಗಡಿಯಲ್ಲಿದ್ದ ಅತಿ ಎತ್ತರದ, ಊರಿನವರು ಶವಸಂಸ್ಕಾರಕ್ಕಷ್ಟೇ ಹಾಕುವಂಥ ರೇಷ್ಮೆ ಟೋಪಿಯನ್ನು ತಲೆಗೇರಿಸಿಕೊಂಡು ಮನೆಗೆ ಹೋದೆ. ಮದುವೆಯಾಗದ ನಾನು, ಮದುವೆಯಾಗದ ನನ್ನ ಅಕ್ಕ ಮಾರ್ಗೆಟ್ ಒಂದೇ ಮನೆಯಲ್ಲಿದ್ದೆವು. ಬಾಡಿಗೆ ಕರಾರು ಅವಳ ಹೆಸರಿನಲ್ಲಿತ್ತು. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದಳು.

"ಯಾರಾದ್ರೂ ಸತ್ರೇನೋ?"

"ಸದಸ್ಯನಾದೆ, ಅಕ್ಕ."

"ಓ. ಹಾಗಾದ್ರೆ ಕಾಲೊರೆಸ್ಕೊಂಡು ಒಳಗೆ ಬಾ."

ಆರು ತಿಂಗಳು ಸಭೆಗಳಲ್ಲಿ ನಾನು ಆಡಿದ ಮಾತೆಂದರೆ "ಅನುಮೋದಿಸುತ್ತೇನೆ" ಎಂಬುದೊಂದೇ. ಅದನ್ನೂ ಒಮ್ಮೆ ತಪ್ಪು ಗೊತ್ತುವಳಿಗೆ ಹೇಳಿ, ನನ್ನ ಅಂಗಡಿಯ ಮುಂದಿದ್ದ ಬೀದಿದೀಪವನ್ನೇ ಕಿತ್ತುಹಾಕಿಸಿದೆ. ಮೇ ತಿಂಗಳಲ್ಲಿ ದೊರೆ ತೀರಿಕೊಂಡರು, ಹೊಸ ದೊರೆ ಪಟ್ಟಕ್ಕೆ ಬಂದರು. ಅದರ ನೆನಪಿಗೆ ಊರಲ್ಲಿ ಏನಾದರೂ ಕಟ್ಟಿಸಬೇಕೆಂದು ಸಭೆ ಸೇರಿತು. ಕುಡಿಯುವ ನೀರಿನ ಕಾರಂಜಿ, ಗಡಿಯಾರ, ಬೆಂಚು ಎಂದು ಎಲ್ಲರೂ ಗಂಟೆಗಟ್ಟಲೆ ಕಿತ್ತಾಡಿದರು. ಊಟದ ಹೊತ್ತು ಮೀರುತ್ತಿತ್ತು. ನಾನು ಎದ್ದುನಿಂತೆ.

"ಬ್ಯಾಂಡ್ ಮಂಟಪ ಕಟ್ಟೋಣ. ಸಮುದ್ರದ ಪಕ್ಕದ ಹುಲ್ಲುಬಯಲು ಸುಮ್ಮನೆ ಬಿದ್ದಿದೆ."

ಹಸಿದಿದ್ದವರೆಲ್ಲ ಒಟ್ಟಿಗೆ ಕೈ ಎತ್ತಿದರು. ನನ್ನ ಮಾತಿಗೆ ಎಂಥ ತೂಕ ಎಂದುಕೊಂಡೆ.

ಆ ಬಯಲು ಸುಮ್ಮನೆ ಬಿದ್ದಿರಲಿಲ್ಲ. ಊರಿನ ಹೆಂಗಸರು ತಲೆತಲಾಂತರದಿಂದ ಬಟ್ಟೆ ಒಣಹಾಕುತ್ತಿದ್ದ ಜಾಗ ಅದು. ನನ್ನ ಅಂಗಿಗಳೂ ಪ್ರತಿ ಸೋಮವಾರ ಅಲ್ಲೇ ಒಣಗುತ್ತಿದ್ದವು. ಅವು ಕಪಾಟಿನಲ್ಲೇ ಹುಟ್ಟುತ್ತವೆ ಎಂಬಂತೆ ಬದುಕಿದವನು ನಾನು. ಆಳುಗಳು ಬಟ್ಟೆಗಂಬಗಳನ್ನು ಕಿತ್ತ ದಿನ ಮಾರ್ಗೆಟ್ ನನ್ನ ಗಂಜಿಗೆ ಉಪ್ಪೇ ಹಾಕಲಿಲ್ಲ.

ಆಗಸ್ಟಿನ ಒಂದು ಶನಿವಾರ ಉದ್ಘಾಟನೆ. ಪಕ್ಕದ ಗಣಿ ಊರಿನ ಹಿತ್ತಾಳೆ ವಾದ್ಯದವರು ಬಂದರು. ನಾನು ಟೋಪಿ ಧರಿಸಿ, ಭಾಷಣ ಬಾಯಿಪಾಠ ಮಾಡಿಕೊಂಡು ಹೋದರೆ, ಬಯಲಿನ ಮೇಲುಗಡೆಯಿಂದ ಬುಟ್ಟಿ ಹೊತ್ತ ಹೆಂಗಸರ ಸಾಲು ಇಳಿದು ಬರುತ್ತಿತ್ತು. ಮುಂದೆ ಮಾರ್ಗೆಟ್. ಶನಿವಾರ ಯಾರೂ ಬಟ್ಟೆ ಒಗೆಯುವುದಿಲ್ಲ. ಅಂದು ಇಡೀ ಊರೇ ಒಗೆದಿತ್ತು.

"ಕಂಬಗಳು ಚೆನ್ನಾಗಿವೆ ಕಣ್ರೇ, ಕಬ್ಬಿಣದ್ದು," ಎಂದು ಅಕ್ಕ ಮಂಟಪದ ಕಂಬಕ್ಕೆ ಹಗ್ಗ ಬಿಗಿದಳು. "ನಮ್ಮ ಹಳೇ ಮರದ ಕಂಬಕ್ಕಿಂತ ಗಟ್ಟಿ."

ನೋಡುನೋಡುತ್ತಿದ್ದಂತೆ ಮಂಟಪದ ಸುತ್ತ ಹೊದಿಕೆಗಳು, ಲಂಗಗಳು, ದಿಂಬಿನ ಚೀಲಗಳು ಗಾಳಿಗೆ ಪಟಪಟಿಸತೊಡಗಿದವು. ಒಳಗೆ ಕೂತಿದ್ದ ವಾದ್ಯದವರು ಕಾಣದಂತಾದರು. ದೊಡ್ಡ ಕಹಳೆಯ ಬಾಯಿಗೆ ಯಾರದೋ ಒದ್ದೆ ಮೇಜುಬಟ್ಟೆ ಹೋಗಿ ಕಚ್ಚಿಕೊಂಡಿತು.

"ಮಾನ್ಯ ನಾಗರಿಕರೇ," ಎಂದು ಶುರುಮಾಡಿದೆ. ನನ್ನ ಮುಖದೆದುರು ಒಂದು ಉಣ್ಣೆಯ ಉದ್ದ ಒಳಚಡ್ಡಿ ತೂಗುತ್ತಿತ್ತು. ಸರಿಸಿದರೆ ಗಾಳಿ ಮತ್ತೆ ತಂದು ಮುಖಕ್ಕೆ ಬಡಿಯಿತು. ಮೀನು ಮಾರುವ ಟೀನಿ ಡಾಯ್ಗ್ ಕೂಗಿದಳು: "ಸ್ವಾಮಿ, ಸೊಂಟದ ಪಟ್ಟಿ ಮೇಲೆ ಕೆಂಪು ದಾರದಲ್ಲಿ ಏನೋ ಬರ್ದಿದೆ, ಸ್ವಲ್ಪ ಓದಿ ಹೇಳಿ!"

ಎ. ವೆ. ಎಂದಿತ್ತು. ಓದುವ ಅಗತ್ಯವೇನೂ ಇರಲಿಲ್ಲ. ಊರಿಗೆಲ್ಲ ಅಕ್ಷರ ಬರುತ್ತಿತ್ತು.

ನವೆಂಬರ್ ಬಂತು. ಈ ಸಲ ನನ್ನೆದುರು ಒಬ್ಬರು ನಿಂತರು. ಹೆಂಗಸರೂ ಪುರಸಭೆಗೆ ನಿಲ್ಲಬಹುದೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ನಮ್ಮೂರಲ್ಲಿ ಅದನ್ನು ಓದಿಕೊಂಡಿದ್ದವಳು ನನ್ನ ಅಕ್ಕ. ಬಾಡಿಗೆ ಮನೆ ಅವಳ ಹೆಸರಿನಲ್ಲಿದ್ದುದರಿಂದ ಅರ್ಹತೆಯೂ ಇತ್ತು. ಬೆಳಿಗ್ಗೆ ಒಂದೇ ಮೇಜಿನಲ್ಲಿ ಗಂಜಿ ಕುಡಿದು, ಒಂದೇ ಬಾಗಿಲಿನಿಂದ ಹೊರಬಿದ್ದು, ಅವಳು ಎಡಬೀದಿಗೆ ನಾನು ಬಲಬೀದಿಗೆ ಮತ ಕೇಳಲು ಹೋಗುತ್ತಿದ್ದೆವು. ನನ್ನ ಪ್ರಚಾರ ಸಭೆಗೂ ಬಂದು ಮುಂದಿನ ಸಾಲಿನಲ್ಲಿ ಕೂತಳು.

"ಪ್ರಶ್ನೆಗಳಿದ್ದರೆ ಕೇಳಬಹುದು," ಎಂದೆ.

"ಅಭ್ಯರ್ಥಿಗಳು ವಾರಕ್ಕೆ ಎಷ್ಟು ಅಂಗಿ ಹಾಕ್ತಾರೆ?"

"ಅದು ಸಾರ್ವಜನಿಕ ವಿಷಯವಲ್ಲ."

"ಬಯಲಲ್ಲಿ ಒಣಗೋದು ಸಾರ್ವಜನಿಕವೇ ಕಣೋ. ಹೇಳು, ಎಷ್ಟು?"

ನನಗೆ ಗೊತ್ತಿರಲಿಲ್ಲ. ಅವಳನ್ನೇ ಕೇಳಿದೆ. ಸಭಾಂಗಣದ ಮಾಡು ಹಾರಿಹೋಗುವಂತೆ ಜನ ನಕ್ಕರು.

ಫಲಿತಾಂಶ ಓದಿದಾಗ ಅಧಿಕಾರಿ ನನ್ನ ಮತಗಳನ್ನು ತೀರ ಮೆಲ್ಲಗೆ ಓದಿದರು. ಅದು ಅವರ ದೊಡ್ಡತನ. ಅಕ್ಕ ನನ್ನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡ್ವೋ, ನಾಳೆ ಹೆರಿಂಗ್ ಮೀನು ಹುರೀತೀನಿ," ಎಂದಳು. ಹುರಿದಳು ಕೂಡ. ಸೋತದ್ದಕ್ಕೆ ಊಟ ಸೇರಬಾರದಿತ್ತು. ಎರಡು ಸಲ ಬಡಿಸಿಕೊಂಡೆ.

ಅವಳ ಮೊದಲ ಸಭೆಗೆ ನಾನೂ ಹೋಗಿ ಜನರ ಬೆಂಚಿನಲ್ಲಿ ಕೂತೆ. ಮಂಟಪ ಇರಲಿ, ಅದರ ಕಂಬಗಳಿಗೆ ಕೊಕ್ಕೆ ಹಾಕಿಸಿ, ಸೋಮವಾರ ಬಟ್ಟೆಗೆ, ಶನಿವಾರ ಬ್ಯಾಂಡಿಗೆ ಎಂದು ಅವಳು ಗೊತ್ತುವಳಿ ಮಂಡಿಸಿದಳು. ನನಗೇನಾಯಿತೋ, ಎದ್ದು ಕೂಗಿದೆ: "ಮಂಗಳವಾರ ಏನು ಮಾಡ್ತೀರಿ?"

"ಸುಮ್ನೆ ಕೂತ್ಕೊಳೋ, ಎಬ್!" ಎಂದು ಅಕ್ಕ ಗದರಿದಳು.

ಅಧ್ಯಕ್ಷರು ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಬಳಿ ಕಾವಲುಗಾರ ಮಂಗೊ ಪೈಪು ಸೇದುತ್ತಿದ್ದ. ಒಳಗಿಂದ ಜೋರು ನಗು ಕೇಳಿಸಿತು.

"ಏನಂತೆ ಮಂಗೊ, ಯಾಕೆ ನಗ್ತಿದಾರೆ?"

ಅವನು ಬಾಗಿಲಿಗೆ ಕಿವಿಗೊಟ್ಟು ಕೇಳಿದ.

"ನಿಮ್ಮ ಬಗ್ಗೇನೇ, ಸ್ವಾಮಿ."

"ಏನು ಹೇಳ್ತಿದಾಳೆ?"

ಅವನು ಇನ್ನಷ್ಟು ಹೊತ್ತು ಕೇಳಿಸಿಕೊಂಡ. ಆಮೇಲೆ ನನಗೂ ಜಾಗ ಬಿಡಲು ಪಕ್ಕಕ್ಕೆ ಸರಿದ. ನಾನೂ ಬಾಗಿಲಿಗೆ ಕಿವಿ ಹಚ್ಚಿದೆ. ಅಕ್ಕ ನನ್ನ ಕಥೆಯನ್ನು ಚೆನ್ನಾಗಿಯೇ ಹೇಳುತ್ತಿದ್ದಳು.