ಅಕ್ಕನ ಚೀಲ

ದೋಣಿ ದ್ವೀಪದ ಕಟ್ಟೆಗೆ ತಾಗಿದ ಕೂಡಲೇ ಪ್ರವಾಸಿಗರ ಕಣ್ಣಿಗೆ ಬೀಳುತ್ತಿದ್ದುದು ಹಕ್ಕಿಗಳಲ್ಲ, ಉದ್ದನೆಯ ಬಿಳಿ ಮೇಜು ಮತ್ತು ಅದರ ಹಿಂದೆ ನಿಂತ ಕಾವಲುಗಾರ್ತಿ. ಹದಿನೇಳು ವರ್ಷದಿಂದ ಅವಳದು ಅದೇ ಕೆಲಸ. ಬಂದವರು ಬೂಟಿನ ತಳವನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು, ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿಯಬೇಕು, ಆಮೇಲೆ ಹಲಗೆಯ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡಬಾರದು. ಒಮ್ಮೆ ಹೊಸ ಮದುಮಗನೊಬ್ಬನ ಕಾಲುಚೀಲಕ್ಕೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಅವನ ಕೈಯಿಂದಲೇ ಪಿನ್ನಿನಲ್ಲಿ ಕೀಳಿಸಿ, ಹೆಂಡತಿಯ ಎದುರು ಅರ್ಧ ಗಂಟೆ ಬರಿಗಾಲಲ್ಲಿ ಕೂರಿಸಿದ್ದಳು. ದೋಣಿಯವರು ಅವಳಿಗಿಟ್ಟ ಹೆಸರು ಜರಡಿ.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿತ್ತು. ಆ ದ್ವೀಪದಲ್ಲಿ ಇಲಿಯಿರಲಿಲ್ಲ, ಬೆಕ್ಕಿರಲಿಲ್ಲ, ಹಾವಿರಲಿಲ್ಲ. ಅದಕ್ಕೇ ಬೂದು ಹಕ್ಕಿಗಳು ಸಾವಿರಾರು ಮೈಲಿ ಹಾರಿ ಬಂದು, ಬರಿ ನೆಲದಲ್ಲಿ ಬಿಲ ತೋಡಿ, ವರ್ಷಕ್ಕೊಂದೇ ಮೊಟ್ಟೆ ಇಡುತ್ತಿದ್ದವು. ಹೆದರಿ ಓಡುವುದು ಅವಕ್ಕೆ ಗೊತ್ತೇ ಇರಲಿಲ್ಲ.

ಅವಳ ಅಕ್ಕ ಅವಳೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಕ್ಕನ ಮಗಳ ಮದುವೆ ಸರಿಯಾಗಿ ಮೊಟ್ಟೆ ಇಡುವ ತಿಂಗಳಲ್ಲೇ ಗೊತ್ತಾಗಿತ್ತು, ಇವಳು ಹೋಗಲಿಲ್ಲ. ‘ಮನೆಗೆ ಮಾರಿ, ಹಕ್ಕಿಗೆ ಉಪಕಾರಿ’ ಎಂದು ಅಕ್ಕ ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಅಂಥ ಅಕ್ಕ ತಾನಾಗಿ ಫೋನು ಮಾಡಿ, “ಅಮ್ಮನಿಗೆ ನಿನ್ನ ದ್ವೀಪ ನೋಡ್ಬೇಕಂತೆ. ಭಾನುವಾರ ಬರ್ತೀವಿ” ಎಂದಾಗ ಇವಳಿಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಭಾನುವಾರ ಅಕ್ಕ, ಭಾವ, ಅಮ್ಮ ಮೂವರೂ ಬಂದರು. ಬೂಟು, ಚಪ್ಪಲಿಗಳನ್ನು ಇವಳೇ ತೊಳೆದುಕೊಟ್ಟಳು. ಊಟದ ಬುಟ್ಟಿ ನೋಡಿದ್ದಾಯಿತು. ಉಳಿದದ್ದು ಅಕ್ಕನ ಹೆಗಲಿನಲ್ಲಿದ್ದ ದೊಡ್ಡ ಕ್ಯಾನ್ವಾಸ್ ಚೀಲ.

“ಅದನ್ನೂ ಇಡಕ್ಕ.”

“ಅಮ್ಮನಿಗೆ ಕೂರೋಕೆ ಅಂತ ರಜಾಯಿ ತಂದಿದೀನಿ, ಅಷ್ಟೇ. ಎಲ್ಲರ ಎದುರು ನನ್ನ ಚೀಲಾನೂ ಬಿಚ್ಚಿಸ್ತೀಯಾ?” ಅಕ್ಕನ ಮುಖದಲ್ಲಿ ನಗುವಿತ್ತು, ದನಿಯಲ್ಲಿರಲಿಲ್ಲ. ಭಾವ ಸಮುದ್ರದ ಕಡೆ ತಿರುಗಿ ನಿಂತ. ಮಂಡಿ ಹಿಡಿದುಕೊಂಡು ನಿಂತಿದ್ದ ಅಮ್ಮ, “ಹೋಗಲಿ ಬಿಡೇ” ಎಂದಳು.

ಅವಳು ಬಿಟ್ಟಳು. ಇಡೀ ದಿನ ಚೆನ್ನಾಗಿಯೇ ಕಳೆಯಿತು. ಅಮ್ಮ ಅವಳ ಅಡಿಗೆಮನೆಯ ಬೆಂಚಿನಲ್ಲೇ ಕೂತದ್ದರಿಂದ ರಜಾಯಿ ಚೀಲದಿಂದ ಹೊರಗೆ ಬರಲೇ ಇಲ್ಲ. ಹೊರಡುವಾಗ ಅಕ್ಕ ಅವಳ ಕೆನ್ನೆ ಸವರಿದಳು.

ಮಂಗಳವಾರ ಅಕ್ಕನ ಫೋನು. “ಅಲ್ಲ ಕಣೇ, ನಿಮ್ಮಲ್ಲಿ ಇಲಿ ಕಾಟ ಇದೆಯಾ? ಚೀಲದ ಮೂಲೆ ಕಡಿದು ತೂತು ಮಾಡಿಬಿಟ್ಟಿದೆ. ರಜಾಯಿ ಮಡಿಕೇಲಿ ಬರೀ ಹಿಕ್ಕೆ.”

“ರಜಾಯಿ ಎಲ್ಲಿಂದ ತೆಗೆದಿದ್ದೆ?”

“ಅಟ್ಟದಿಂದ. ಯಾಕೆ?”

ಅವಳು ಫೋನು ಕೆಳಗಿಟ್ಟಳು. ಅಟ್ಟದ ಇಲಿ ರಜಾಯಿಯೊಡನೆ ಚೀಲದೊಳಗೆ ಬಂದಿತ್ತು, ತೂತು ಕೊರೆದು ಇಲ್ಲಿಯೇ ಇಳಿದುಹೋಗಿತ್ತು.

ಅನುಮಾನ ಬಂದ ದಿನವೇ ಕಚೇರಿಗೆ ತಿಳಿಸಬೇಕು. ಆ ನಿಯಮವನ್ನು ಗೋಡೆಗೆ ಅಂಟಿಸಿದವಳೇ ಅವಳು. ಆದರೆ ತಿಳಿಸಿದರೆ ಅಕ್ಕನ ಹೆಸರು ಹೇಳಬೇಕು, ಬಿಚ್ಚದೆ ಬಿಟ್ಟ ಚೀಲದ ಕಥೆ ಹೇಳಬೇಕು. ಒಂದೇ ಒಂದು ಇಲಿ ತಾನೇ, ನಾನೇ ಹಿಡಿಯುತ್ತೇನೆ ಎಂದುಕೊಂಡು ಅಡಿಗೆಮನೆಯ ಹಿಂದೆ ಬ್ರೆಡ್ಡಿನ ಚೂರು ಸಿಕ್ಕಿಸಿ ಬೋನು ಇಟ್ಟಳು. ಹೀಗೆ ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ಬೆಳಿಗ್ಗೆ ಒಂದು ಬಿಲದ ಬಾಯಲ್ಲಿ ಒಡೆದ ಮೊಟ್ಟೆ ಸಿಕ್ಕಿತು. ಚಿಪ್ಪಿನ ಅಂಚಿಗೆ ಸಣ್ಣ ಹಲ್ಲುಗಳ ಗುರುತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮೊದಲ ದೋಣಿ ಹಿಡಿದು ದಡದ ಕಚೇರಿಗೆ ಹೋದಳು.

ಅಧಿಕಾರಿ ಬೈಯಲಿಲ್ಲ. ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, “ಮೊದಲ ದಿನ ಹೇಳಿದ್ರೆ ಒಂದು ಇಲಿ” ಎಂದರು. “ಅದು ಬಸುರಿ ಆಗಿದ್ರೆ ಈಗ ಎಷ್ಟು ಅಂತ ಯಾರಿಗೆ ಗೊತ್ತು?”

ಎಂಟು ಜನರ ತಂಡ ಬಂತು. ಪ್ರವಾಸ ನಿಂತಿತು, ದೋಣಿಯವರ ಕೆಲಸವೂ ನಿಂತಿತು. ನಾಲ್ಕೈದು ತಿಂಗಳಲ್ಲಿ ಬೋನುಗಳಿಗೆ ನಲವತ್ತಾರು ಇಲಿ ಬಿದ್ದವು. ಅಷ್ಟರಲ್ಲಿ ಕಡಲು ಕೆರಳಿ ತಂಡ ವಾಪಸಾಗಬೇಕಾಯಿತು. ಕಡಲು ಶಾಂತವಾಗುವ ಹೊತ್ತಿಗೆ ಇಲಿಗಳು ದ್ವೀಪದ ಇನ್ನೊಂದು ತುದಿ ತಲುಪಿದ್ದವು.

ಅಕ್ಕನಿಗೆ ಅವಳೇ ಫೋನು ಮಾಡಿ ಹೇಳಿದಳು. “ಹಾಗಾದ್ರೆ ಎಲ್ಲ ನನ್ನಿಂದ ಆಗಿದ್ದು ಅಂತೀಯಾ?” ಎಂದಳು ಅಕ್ಕ.

“ನನ್ನಿಂದ. ಬಿಚ್ಚಿ ನೋಡ್ಬೇಕಾದವಳು ನಾನು.”

“ಆರು ವರ್ಷ ಬಿಟ್ಟು ಬಂದದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದೆ.” ಹಿಂದಿನಿಂದ ಭಾವ, “ಬೆಟ್ಟ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ ನೋಡು” ಎಂದು ನಗುವುದು ಕೇಳಿಸಿತು. ಆಮೇಲೆ ಅಕ್ಕ ಫೋನು ಎತ್ತಲಿಲ್ಲ.

ಕೆಲಸದಿಂದ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. “ಬಿಲಗಳ ಜಾಗ ನಿನ್ನಷ್ಟು ಯಾರಿಗೂ ಗೊತ್ತಿಲ್ಲ” ಎಂದು ಅಧಿಕಾರಿ ಒಪ್ಪಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ.

ಮರುವರ್ಷ ಹಕ್ಕಿಗಳು ಬಂದವು, ಮೊದಲಿನ ಅರ್ಧದಷ್ಟೂ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಅವಳು ಮೊಣಕಾಲೂರಿ ಬಿಲದೊಳಗೆ ಭುಜದವರೆಗೆ ಕೈ ತೂರಿಸುತ್ತಿದ್ದಳು. ಹಿಂದೆಲ್ಲ ಬೆರಳಿಗೆ ಕೊಕ್ಕಿನ ಏಟು ಬೀಳುತ್ತಿತ್ತು. ಈಗ ತಣ್ಣನೆಯ ಮಣ್ಣು, ಚಿಪ್ಪಿನ ಪುಡಿ. ಉತ್ತರದ ದಿಬ್ಬದಲ್ಲಿ ಒಂದು ಹಕ್ಕಿ ಮಾತ್ರ ಮೊಟ್ಟೆಯ ಮೇಲೆ ಅಲ್ಲಾಡದೆ ಕೂತಿತ್ತು. ಅದರ ಬಿಲದ ಸುತ್ತ ಆರು ಬೋನು ಇಟ್ಟಳು. ನಾಲ್ಕು ಬೆಳಿಗ್ಗೆ ಅದು ಅವಳ ಬೆರಳನ್ನು ಕುಕ್ಕಿತು. ಐದನೆಯ ಬೆಳಿಗ್ಗೆ ಕುಕ್ಕಲಿಲ್ಲ, ಬೆರಳಿಗೆ ಚಿಪ್ಪಿನ ಪುಡಿ ತಾಗಿತು. ಆರು ಬೋನುಗಳೂ ಖಾಲಿಯಿದ್ದವು. ಅವಳು ಮೊಣಕಾಲಿನ ಮಣ್ಣು ಕೊಡವಿ ಎದ್ದು, ಬೋನುಗಳನ್ನು ಹೆಕ್ಕಿಕೊಂಡು ಮುಂದಿನ ಬಿಲದ ಕಡೆ ನಡೆದಳು.